ಮೌತ್‌ವಾಶ್ ಒಳ್ಳೆಯದಾ, ಅಪಾಯವಾ? ಸುದ್ದಿಗಳು ಕೇಳದೆ ಬಿಟ್ಟ ಮೂರು ಪ್ರಶ್ನೆಗಳು

2024ರ ಜೂನ್‌ನಲ್ಲಿ ಒಂದು ಸುದ್ದಿ ದೇಶದಿಂದ ದೇಶಕ್ಕೆ ಹರಡಿತು. ಹೆಸರಾಂತ ಬ್ರ್ಯಾಂಡಿನ ಮೌತ್‌ವಾಶ್ ದಿನಾ ಬಳಸಿದರೆ ಕ್ಯಾನ್ಸರ್ ಬರಬಹುದು ಅಂತ. ಅದಕ್ಕೂ ಮೊದಲೇ ಇನ್ನೆರಡು ಸುದ್ದಿ ಓಡಾಡುತ್ತಿದ್ದವು. ಮೌತ್‌ವಾಶ್ ಬಿಪಿ ಏರಿಸುತ್ತದೆ, ಶುಗರ್‌ಗೆ ದಾರಿ ಮಾಡುತ್ತದೆ ಎಂದು. ಈ ಮೂರೂ ವಾಟ್ಸ್‌ಆ್ಯಪ್‌ನಲ್ಲಿ ಈಗಲೂ ಆಗಾಗ ತಲೆ ಎತ್ತುತ್ತವೆ. ಆದರೆ ವಸಡಿನಲ್ಲಿ ರಕ್ತ ಬರುತ್ತದೆ ಅಂತ ಡೆಂಟಿಸ್ಟ್ ಹತ್ತಿರ ಹೋದರೆ ಅವರು ಚೀಟಿಯಲ್ಲಿ ಬರೆದುಕೊಡುವುದೂ ಮೌತ್‌ವಾಶನ್ನೇ. ಸೂಪರ್ ಮಾರ್ಕೆಟ್ಟಿನಲ್ಲಿ ಪೇಸ್ಟಿನ ಪಕ್ಕ ಸಾಲಾಗಿ ಜೋಡಿಸಿಟ್ಟಿರುವುದೂ ಅದನ್ನೇ. ಹಾಗಾದರೆ ಇದು ಒಳ್ಳೆಯದಾ, ಕೆಟ್ಟದ್ದಾ?

ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಮೌತ್‌ವಾಶ್, ಯಾವ ತೊಂದರೆಗೆ, ಎಷ್ಟು ದಿನ ಅಂತ ಕೇಳಬೇಕು. ತಲೆಬರಹಗಳಲ್ಲಿ ಕಾಣೆಯಾಗುವುದು ಈ ಮೂರೇ ವಿಷಯ.

ಒಂದೇ ಹೆಸರಲ್ಲಿ ಹತ್ತಾರು ದ್ರವ

ಅಂಗಡಿಯಲ್ಲಿ 'ಮೌತ್‌ವಾಶ್ ಕೊಡಿ' ಅಂದರೆ ಕೈಗೆ ಏನು ಬೇಕಾದರೂ ಬರಬಹುದು. ಕೆಲವು ಬಾಟಲಿಗಳಲ್ಲಿ ಇರುವುದು ನೀರು, ಬಣ್ಣ, ಪುದೀನದ ಪರಿಮಳ, ಒಂದಿಷ್ಟು ಸಿಹಿ, ಅಷ್ಟೆ. ಸ್ವಲ್ಪ ಹೊತ್ತು ಬಾಯಿ ಘಮ್ ಅನ್ನುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಇನ್ನು ಕೆಲವದರಲ್ಲಿ ಹಲ್ಲು ಹುಳುಕಾಗದಂತೆ ತಡೆಯುವ ಫ್ಲೋರೈಡ್ ಇರುತ್ತದೆ. ಆ್ಯಂಟಿಸೆಪ್ಟಿಕ್ ಮೌತ್‌ವಾಶ್ ಇವೆರಡಕ್ಕಿಂತ ಬೇರೆ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಅಥವಾ ಬೆಳೆಯದಂತೆ ತಡೆಯುವುದು ಅದರ ಕೆಲಸ.

ಇದರಲ್ಲೂ ಬಗೆಗಳಿವೆ. ಡೆಂಟಿಸ್ಟರು ಜಾಸ್ತಿ ಬರೆಯುವುದು ಕ್ಲೋರ್‌ಹೆಕ್ಸಿಡಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 0.2% ಪ್ರಮಾಣದ್ದು, ಅಮೆರಿಕದಲ್ಲಿ 0.12%. ಗಂಟಲು ನೋವಿಗೆ ಗಾರ್ಗಲ್ ಮಾಡುವ ಕಂದು ಬಣ್ಣದ ದ್ರವ ಪೊವಿಡೋನ್ ಅಯೋಡಿನ್, 2% ಪ್ರಮಾಣದ್ದು. ದಿನಬಳಕೆಯ ಕೆಲವು ಬ್ರ್ಯಾಂಡ್‌ಗಳಲ್ಲಿ ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಇರುತ್ತದೆ. ಲೇಬಲ್ ಮೇಲೆ ಇದು ಸಿಪಿಸಿ ಎಂದು ಚುಟುಕಾಗಿಯೂ ಇರಬಹುದು. ಇನ್ನು ಲಿಸ್ಟರಿನ್ ಥರದವು ಥೈಮಾಲ್, ಮೆಂಥಾಲ್, ಯೂಕಲಿಪ್ಟಾಲ್, ಮಿಥೈಲ್ ಸ್ಯಾಲಿಸಿಲೇಟ್ ಎಂಬ ತೈಲಾಂಶಗಳಿಂದ ಕೆಲಸ ಮಾಡುತ್ತವೆ. ಥೈಮಾಲ್ ಅಂದರೆ ಓಮಕಾಳಿಗೆ ಆ ಘಾಟು ಕೊಡುವ ಅಂಶವೇ.

ಔಷಧಿ ಮತ್ತು ಸುಗಂಧದ ನಡುವಿನ ಗೆರೆ ಅಳಿಸಿದ್ದು ಹೇಗೆ ಅಂತ ತಿಳಿಯಲು ಲಿಸ್ಟರಿನ್‌ನ ಕಥೆ ಸಾಕು. ಅದು ಹುಟ್ಟಿದ್ದು 1879ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಆಪರೇಷನ್ ಗಾಯಗಳು ಕೀವಾಗದಂತೆ ತಡೆಯುವ ಪದ್ಧತಿ ತಂದ ಬ್ರಿಟನ್ನಿನ ಸರ್ಜನ್ ಜೋಸೆಫ್ ಲಿಸ್ಟರ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಆಗ ಅದು ವೈದ್ಯರು ಬಳಸುವ ಆ್ಯಂಟಿಸೆಪ್ಟಿಕ್. 1914ರಲ್ಲಿ ಬಾಯಿ ಮುಕ್ಕಳಿಸುವ ದ್ರವವಾಗಿ ಅಂಗಡಿಗೆ ಬಂತು. 1920ರ ದಶಕದ ಜಾಹೀರಾತುಗಳು ಬಾಯಿ ವಾಸನೆಯನ್ನು ಮದುವೆ ಮುರಿಯುವ, ಮಾನ ಕಳೆಯುವ ಕಾಯಿಲೆ ಎಂಬಂತೆ ತೋರಿಸಿದವು. ಮಾರಾಟ ಏರಿತು. ನೆಗಡಿ, ಗಂಟಲು ನೋವನ್ನು ತಡೆಯುತ್ತದೆ ಎಂದೂ ಕಂಪನಿ ದಶಕಗಳ ಕಾಲ ಹೇಳಿಕೊಂಡಿತು. ಕೊನೆಗೆ 1970ರ ದಶಕದಲ್ಲಿ, ಸುಳ್ಳು ಜಾಹೀರಾತುಗಳನ್ನು ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಬಂತು. ಇದು ನೆಗಡಿಯನ್ನಾಗಲಿ ಗಂಟಲು ನೋವನ್ನಾಗಲಿ ತಡೆಯುವುದಿಲ್ಲ ಎಂದು ಕಂಪನಿ ತನ್ನ ಜಾಹೀರಾತಿನಲ್ಲೇ ಹೇಳಬೇಕು ಎಂದು ಆದೇಶಿಸಿತು. 1977ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

2020ರಲ್ಲಿ ಇದೇ ಪ್ರಶ್ನೆ ಕೊರೊನಾ ರೂಪದಲ್ಲಿ ಮತ್ತೆ ಬಂತು. ಮೌತ್‌ವಾಶ್ ಕೊರೊನಾದಿಂದ ಕಾಪಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಬೇಕಾಯಿತು. ಬಾಯೊಳಗಿನ ಎಂಜಲಿನಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನು ಕೆಲವು ನಿಮಿಷ ಕಡಿಮೆ ಮಾಡುವುದು ಒಂದು. ಮೂಗು, ಗಂಟಲು, ಶ್ವಾಸಕೋಶಕ್ಕೆ ಬರುವ ಕಾಯಿಲೆ ತಡೆಯುವುದು ಇನ್ನೊಂದು. ಮೊದಲನೆಯದು ನಿಜ ಅಂತ ಎರಡನೆಯದೂ ನಿಜವಾಗುವುದಿಲ್ಲ.

ಬಾಯೊಳಗೆ ನಡೆಯುವುದೇನು

ನಮ್ಮ ಬಾಯಿ ಖಾಲಿ ಜಾಗವಲ್ಲ. ಮನುಷ್ಯರ ಬಾಯಿಗಳಲ್ಲಿ ಇದುವರೆಗೆ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ತಮ್ಮ ಪಾಡಿಗೆ ತಾವಿರುತ್ತವೆ. ಕೆಲವು ನಮಗೆ ಉಪಕಾರವನ್ನೂ ಮಾಡುತ್ತವೆ.

ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎಂಜಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರವಾಗಿ ಕೂರುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾಗಳು ಬಂದು ಅಂಟುತ್ತವೆ, ಒಂದರ ಮೇಲೊಂದು ಸೇರುತ್ತವೆ. ತಮ್ಮ ಸುತ್ತ ಅಂಟಂಟು ಪದಾರ್ಥವನ್ನೂ ಕಟ್ಟಿಕೊಳ್ಳುತ್ತವೆ. ಇದೇ ಪ್ಲಾಕ್. ಒಂದು ದಿನ ಹಲ್ಲುಜ್ಜದಿದ್ದರೆ ನಾಲಿಗೆಗೆ ಜಿಗುಟು ಜಿಗುಟಾಗಿ ಸಿಗುತ್ತದಲ್ಲ, ಅದು. ವಸಡಿನ ಅಂಚಿನಲ್ಲಿ ಪ್ಲಾಕ್ ದಿನಗಟ್ಟಲೆ ಕೂತರೆ ವಸಡು ಊದಿಕೊಳ್ಳುತ್ತದೆ, ಬ್ರಶ್ ತಾಗಿದರೆ ರಕ್ತ ಬರುತ್ತದೆ. ಪ್ಲಾಕ್ ಗಟ್ಟಿಯಾದರೆ ಅದೇ ಕಿಟ್ಟ.

ಈಗ 10 ಮಿ.ಲೀ. ಕ್ಲೋರ್‌ಹೆಕ್ಸಿಡಿನ್ ಬಾಯಿಗೆ ಬಂತು ಅಂದುಕೊಳ್ಳಿ. ಇದರ ಅಣುವಿಗೆ ಧನ ವಿದ್ಯುದಂಶವಿದೆ. ಬ್ಯಾಕ್ಟೀರಿಯಾದ ಹೊರಗೋಡೆಗೆ ಋಣ ವಿದ್ಯುದಂಶ. ಎರಡೂ ಒಂದನ್ನೊಂದು ಎಳೆಯುತ್ತವೆ. ಕ್ಲೋರ್‌ಹೆಕ್ಸಿಡಿನ್ ಹೋಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಪ್ರಮಾಣ ಕಡಿಮೆಯಿದ್ದರೆ ಗೋಡೆ ಸೋರಲು ಶುರುವಾಗಿ ಒಳಗಿನ ಪೊಟ್ಯಾಸಿಯಂನಂಥ ವಸ್ತುಗಳು ಹೊರಬರುತ್ತವೆ, ಬೆಳವಣಿಗೆ ನಿಲ್ಲುತ್ತದೆ. ಪ್ರಮಾಣ ಜಾಸ್ತಿಯಿದ್ದರೆ ಒಳಗಿರುವುದೆಲ್ಲ ಗಟ್ಟಿಗಟ್ಟಿ ಗಂಟಾಗಿ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ.

ಇಷ್ಟಕ್ಕೇ ಆಗಿದ್ದರೆ ಅದು ಮಾಮೂಲಿ ಆ್ಯಂಟಿಸೆಪ್ಟಿಕ್ ಆಗುತ್ತಿತ್ತು. ಕ್ಲೋರ್‌ಹೆಕ್ಸಿಡಿನ್‌ನ ನಿಜವಾದ ಶಕ್ತಿ ಉಗುಳಿದ ಮೇಲೆ ಕಾಣುತ್ತದೆ. ಬಾಯಿಗೆ ಹಾಕಿಕೊಂಡ ಔಷಧಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹಲ್ಲಿನ ಪದರಕ್ಕೆ, ಕೆನ್ನೆಯ ಒಳಮೈಗೆ, ನಾಲಿಗೆಗೆ ಅಂಟಿಕೊಂಡು ಉಳಿಯುತ್ತದೆ. ಅಲ್ಲಿಂದ ನಿಧಾನಕ್ಕೆ ಬಿಡುಗಡೆಯಾಗುತ್ತಾ ಹೆಚ್ಚುಕಡಿಮೆ 12 ಗಂಟೆ ಕೆಲಸ ಮಾಡುತ್ತದೆ. ದಿನಕ್ಕೆ ಎರಡೇ ಸಲ ಅಂತ ಡೆಂಟಿಸ್ಟ್ ಹೇಳುವುದು ಇದಕ್ಕೇ. ನಾಲ್ಕು ಸಲ ಮಾಡಿದರೆ ಲಾಭ ದುಪ್ಪಟ್ಟಾಗಲ್ಲ, ಅಡ್ಡಪರಿಣಾಮ ಜಾಸ್ತಿಯಾಗಬಹುದು ಅಷ್ಟೆ.

1970ರಲ್ಲಿ ಡೆನ್ಮಾರ್ಕ್‌ನಲ್ಲಿ ಹ್ಯಾರಾಲ್ಡ್ ಲೋ ಮತ್ತು ಸ್ಕಿಯೋಟ್ ಎಂಬ ದಂತ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಹಲ್ಲುಜ್ಜುವುದನ್ನು ಬಿಟ್ಟವರು 0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ.ಯಂತೆ ದಿನಕ್ಕೆರಡು ಸಲ ಮುಕ್ಕಳಿಸಿದಾಗ ಹೊಸ ಪ್ಲಾಕ್ ಕಟ್ಟಲಿಲ್ಲ, ವಸಡೂ ಊದಿಕೊಳ್ಳಲಿಲ್ಲ. ಹಲ್ಲು ಕಿತ್ತ ಮೇಲೆ, ವಸಡಿನ ಆಪರೇಷನ್ ಆದ ಮೇಲೆ, ದವಡೆ ಮುರಿದು ತಂತಿ ಕಟ್ಟಿದಾಗ ಬ್ರಶ್ ಹಿಡಿಯಲು ಆಗುವುದಿಲ್ಲ. ಆ ದಿನಗಳಲ್ಲಿ ಈ ದ್ರವ ಬ್ರಶ್ಶಿನ ಜಾಗದಲ್ಲಿ ನಿಂತು ಕಾಪಾಡುತ್ತದೆ. ಇದು ಹೊಂದುವುದು ಇಂಥ ಸಂದರ್ಭಕ್ಕೆ, ಕೆಲವು ದಿನಗಳ ಮಟ್ಟಿಗೆ.

ಅದರಿಂದ ಆಗದ ಕೆಲಸಗಳು

ಆ ಪ್ರಯೋಗದಲ್ಲಿ ಒಂದು ಮಾತನ್ನು ಗಮನಿಸಬೇಕು. ಹೊಸ ಪ್ಲಾಕ್ ಕಟ್ಟಲಿಲ್ಲ. ಆಗಲೇ ಕಟ್ಟಿರುವುದರ ಕಥೆ ಬೇರೆ. ಪ್ಲಾಕ್ ದಪ್ಪವಾಗಿದ್ದರೆ ಅದರ ಅಂಟು ಹೊದಿಕೆ ದಾಟಿ ಔಷಧಿ ಒಳಗೆ ಇಳಿಯುವುದಿಲ್ಲ. ನೀರಿನ ತೊಟ್ಟಿಯ ಗೋಡೆಗೆ ಪಾಚಿ ಹಿಡಿದಾಗ ಎಷ್ಟು ನೀರು ಎರಚಿದರೂ ಹೋಗುವುದಿಲ್ಲ, ತಿಕ್ಕಲೇಬೇಕು. ಇಲ್ಲೂ ಹಾಗೆಯೇ. ಕಿಟ್ಟವನ್ನಂತೂ ಯಾವ ಮೌತ್‌ವಾಶೂ ಕರಗಿಸುವುದಿಲ್ಲ, ಅದನ್ನು ಡೆಂಟಿಸ್ಟೇ ತೆಗೆಯಬೇಕು. ವಸಡು ಮತ್ತು ಹಲ್ಲಿನ ನಡುವೆ ಆಳವಾದ ಸಂದು ಬಿದ್ದಿದ್ದರೆ ಅದರ ತಳಕ್ಕೂ ಮುಕ್ಕಳಿಸಿದ ದ್ರವ ಹೋಗಲ್ಲ.

ಬಾಯಿ ವಾಸನೆಗಾಗಿ ಇದನ್ನು ಕೊಳ್ಳುವವರೇ ಜಾಸ್ತಿ. ವಾಸನೆಗೆ ಮುಖ್ಯ ಕಾರಣ ನಾಲಿಗೆಯ ಹಿಂಭಾಗದಲ್ಲಿ, ವಸಡಿನ ಸಂದಿನಲ್ಲಿ ಇರುವ ಬ್ಯಾಕ್ಟೀರಿಯಾಗಳು. ಆಹಾರದ ಚೂರು, ಸತ್ತ ಜೀವಕೋಶಗಳಲ್ಲಿರುವ ಪ್ರೋಟೀನನ್ನು ಒಡೆದು ಅವು ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಇವುಗಳಲ್ಲಿ ಒಂದು. ಆ್ಯಂಟಿಸೆಪ್ಟಿಕ್ ಆ ಬ್ಯಾಕ್ಟೀರಿಯಾಗಳನ್ನು ಕೆಲವು ಗಂಟೆ ಕಡಿಮೆ ಮಾಡುತ್ತದೆ. ಆದರೆ ವಸಡಿನ ಕಾಯಿಲೆಯೋ, ಹುಳುಕು ಹಲ್ಲೋ ಹಾಗೇ ಉಳಿದಿದ್ದರೆ ವಾಸನೆ ಮತ್ತೆ ಬರುತ್ತದೆ. ವಾಸನೆ ಅಂದರೆ ಒಂದು ಎಚ್ಚರಿಕೆ ಗಂಟೆ. ಅದನ್ನು ದಿನಾ ಅಡಗಿಸುತ್ತಾ ಹೋದರೆ ಮೂಲ ಕಾಯಿಲೆ ಬೆಳೆಯಲು ಕಾಲಾವಕಾಶ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಮೌತ್‌ವಾಶ್‌ನಿಂದ ಆಗುವ ದೊಡ್ಡ ಹಾನಿ ಇದೇ. ಸುದ್ದಿಯಲ್ಲಿ ಇದು ಬರುವುದೇ ಇಲ್ಲ. ನಾಲಿಗೆ ಕೆರೆಯುವ ನಮ್ಮ ಹಳೇ ಅಭ್ಯಾಸ ಈ ವಿಷಯದಲ್ಲಿ ನಿಜಕ್ಕೂ ಒಳ್ಳೆಯದು.

ಕ್ಯಾನ್ಸರ್ ಸುದ್ದಿಯ ಹಿಂದೆ

2024ರ ಸುದ್ದಿಗೆ ಮೂಲ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಅಧ್ಯಯನ. ಅಲ್ಲಿನ ಸಂಶೋಧಕರು ಹುಡುಕುತ್ತಿದ್ದುದು ಕ್ಯಾನ್ಸರನ್ನಲ್ಲ. ಲೈಂಗಿಕವಾಗಿ ಹರಡುವ ಸೋಂಕುಗಳನ್ನು ಮೌತ್‌ವಾಶ್‌ನಿಂದ ಕಡಿಮೆ ಮಾಡಬಹುದೇ ಎಂದು ನೋಡಲು ಪುರುಷರ ಒಂದು ಗುಂಪಿನ ಮೇಲೆ ಪ್ರಯೋಗ ಮಾಡಿದ್ದರು. ಅದರ ಭಾಗವಾಗಿ, ಮೂರು ತಿಂಗಳು ದಿನಾ ಲಿಸ್ಟರಿನ್ ಕೂಲ್ ಮಿಂಟ್ ಬಳಸಿದವರ ಗಂಟಲಿನ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದರು. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ, ಸ್ಟ್ರೆಪ್ಟೋಕಾಕಸ್ ಆಂಜಿನೋಸಸ್ ಎಂಬ ಎರಡು ಬ್ಯಾಕ್ಟೀರಿಯಾಗಳು ಹೆಚ್ಚಾಗಿದ್ದವು. ಈ ಎರಡಕ್ಕೂ ವಸಡಿನ ಕಾಯಿಲೆ ಮತ್ತು ಕೆಲವು ಕ್ಯಾನ್ಸರ್‌ಗಳ ಜೊತೆ ನಂಟಿದೆ ಎಂದು ಬೇರೆ ಅಧ್ಯಯನಗಳು ಹೇಳಿವೆ.

ಅಲ್ಲಿಂದ 'ಮೌತ್‌ವಾಶ್‌ನಿಂದ ಕ್ಯಾನ್ಸರ್' ಎಂಬ ತಲೆಬರಹಕ್ಕೆ ಎಷ್ಟು ಮೆಟ್ಟಿಲು ಹಾರಬೇಕು ನೋಡಿ. ಅಧ್ಯಯನದಲ್ಲಿ ಯಾರಿಗೂ ಕ್ಯಾನ್ಸರ್ ಬಂತೇ ಎಂದು ನೋಡಿಲ್ಲ. ಮೂರು ತಿಂಗಳಲ್ಲಿ ಅದನ್ನು ನೋಡಲೂ ಆಗದು. ಬ್ಯಾಕ್ಟೀರಿಯಾ ಹೆಚ್ಚಾಗಿರುವುದು ಕ್ಯಾನ್ಸರ್‌ಗೆ ಕಾರಣವೋ, ಕ್ಯಾನ್ಸರ್ ಇದ್ದ ಕಡೆ ಅವು ಬಂದು ಸೇರುತ್ತವೋ ಎಂಬುದೇ ಇನ್ನೂ ಚರ್ಚೆಯಲ್ಲಿದೆ. ಅಧ್ಯಯನದಲ್ಲಿದ್ದವರ ಊಟ, ಸಿಗರೇಟಿನ ಅಭ್ಯಾಸಗಳ ಲೆಕ್ಕವೂ ಇರಲಿಲ್ಲ. ಇದನ್ನೇ ನೆಚ್ಚಿ ಮೌತ್‌ವಾಶ್ ನಿಲ್ಲಿಸಿ ಎನ್ನಲಾಗದು ಅಂತ ಸಂಶೋಧಕರೇ ಸ್ಪಷ್ಟಪಡಿಸಿದರು. ಅಧ್ಯಯನದ ಪಾಠ ಇಷ್ಟೇ: ದಿನಾ ಆ್ಯಂಟಿಸೆಪ್ಟಿಕ್ ಹಾಕಿದರೆ ಬಾಯಿಯ ಬ್ಯಾಕ್ಟೀರಿಯಾ ಸಮತೋಲನ ಬದಲಾಗುತ್ತದೆ. ಅದು ಸಣ್ಣ ವಿಷಯವಲ್ಲ, ಆದರೆ ಕ್ಯಾನ್ಸರ್ ಎಂಬ ತೀರ್ಪೂ ಅಲ್ಲ.

ಆಲ್ಕೋಹಾಲಿನದು ಇನ್ನೊಂದು ಎಳೆ. ತೈಲಾಂಶಗಳು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅಂಥ ಮೌತ್‌ವಾಶ್‌ಗಳಿಗೆ ಆಲ್ಕೋಹಾಲ್ ಸೇರಿಸುತ್ತಾರೆ. ಲಿಸ್ಟರಿನ್‌ನ ಮೂಲ ಸೂತ್ರದಲ್ಲಿ ಅದು ಸುಮಾರು 27%. ಸೂಕ್ಷ್ಮಜೀವಿಗಳನ್ನು ಚೆನ್ನಾಗಿ ಕೊಲ್ಲಲು 60%ಕ್ಕಿಂತ ಮೇಲೆ ಬೇಕು. ಹಾಗಾಗಿ ಇಲ್ಲಿ ಅದರ ಕೆಲಸ ಮುಖ್ಯವಾಗಿ ಕರಗಿಸುವುದೇ. ಮದ್ಯ ಕುಡಿಯುವುದು ಬಾಯಿ ಕ್ಯಾನ್ಸರ್‌ಗೆ ಕಾರಣ ಎಂಬುದು ಖಚಿತ. ಅದಕ್ಕೇ 2008ರಲ್ಲಿ ಆಸ್ಟ್ರೇಲಿಯಾದ ಇಬ್ಬರು ದಂತ ವಿಜ್ಞಾನಿಗಳು ಆಲ್ಕೋಹಾಲ್ ಇರುವ ಮೌತ್‌ವಾಶ್ ಬಗ್ಗೆ ಎಚ್ಚರಿಕೆ ಬರೆದಾಗ ದೊಡ್ಡ ಚರ್ಚೆ ನಡೆಯಿತು. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಮಾಮೂಲಿ ಬಳಕೆಗೂ ಕ್ಯಾನ್ಸರ್‌ಗೂ ಸ್ಪಷ್ಟ ನಂಟು ಸಿಗಲಿಲ್ಲ. ಲೆಕ್ಕವೂ ಸುಲಭವಲ್ಲ. ಸಿಗರೇಟು, ಮದ್ಯದ ಅಭ್ಯಾಸ ಇರುವವರೇ ವಾಸನೆ ಮುಚ್ಚಲು ಮೌತ್‌ವಾಶ್ ಜಾಸ್ತಿ ಬಳಸುತ್ತಾರೆ. ಕ್ಯಾನ್ಸರ್ ತಂದದ್ದು ಯಾವುದು ಅಂತ ಬಿಡಿಸುವುದು ಕಷ್ಟ. ಆಲ್ಕೋಹಾಲ್ ಇಲ್ಲದ ಬಾಟಲಿಗಳು ಈಗ ಬೇಕಾದಷ್ಟು ಸಿಗುವಾಗ ಅದನ್ನೇ ಆರಿಸಿಕೊಂಡರೆ ನಷ್ಟವೇನೂ ಇಲ್ಲ. ಬಾಯಿ ಒಣಗುವ ತೊಂದರೆ ಇರುವವರು, ಮದ್ಯ ಬಿಟ್ಟವರು, ಮೆಟ್ರೋನಿಡಜೋಲ್‌ನಂಥ ಮಾತ್ರೆ ನುಂಗುತ್ತಿರುವವರು ಆಲ್ಕೋಹಾಲ್ ಇಲ್ಲದ್ದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಬಾಯಿ ಕ್ಯಾನ್ಸರ್ ಬಗ್ಗೆ ನಾವು ಭಯಪಡಬೇಕಾದದ್ದು ಬೇರೆ ಕಡೆಯಿದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದೇ. ಇದರ ಹಿಂದಿರುವುದು ತಂಬಾಕು, ಗುಟ್ಕಾ, ಮದ್ಯ, ಅಡಿಕೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳು ಅಡಿಕೆಯನ್ನೇ ನಂಬಿಕೊಂಡಿರುವಾಗ ಈ ಮಾತು ಕಹಿಯೇ. ಆದರೂ ದಿನಾ ಗುಟ್ಕಾ ಅಗಿದು, ಸಂಜೆ ಮೌತ್‌ವಾಶ್‌ನಿಂದ ಕ್ಯಾನ್ಸರ್ ಬರುತ್ತದಂತೆ ಎಂಬ ಸುದ್ದಿ ಹಂಚುವುದರಲ್ಲಿ ಯಾರಿಗೂ ಉಪಯೋಗವಿಲ್ಲ.

ಬಿಪಿ ಮತ್ತು ನಾಲಿಗೆಯ ಬ್ಯಾಕ್ಟೀರಿಯಾ

ಬಿಪಿ ಸುದ್ದಿಗೆ ಇದಕ್ಕಿಂತ ಗಟ್ಟಿಯಾದ ಬುಡವಿದೆ. ಅದರ ದಾರಿ ಸ್ವಲ್ಪ ಸುತ್ತುಬಳಸು.

ಪಾಲಕ್, ದಂಟು, ಹರಿವೆ, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಚೆನ್ನಾಗಿರುತ್ತದೆ. ಸೊಪ್ಪಿನ ಸಾರು ಉಂಡ ಮೇಲೆ ಅದು ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಸುಮಾರು ಕಾಲು ಭಾಗವನ್ನು ಜೊಲ್ಲು ಗ್ರಂಥಿಗಳು ಎಳೆದುಕೊಂಡು ಮತ್ತೆ ಬಾಯಿಗೆ ತರುತ್ತವೆ. ಅಲ್ಲಿ ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಈ ಕೆಲಸ ನಮ್ಮ ದೇಹದ ಜೀವಕೋಶಗಳಿಗೆ ಸರಿಯಾಗಿ ಬರುವುದಿಲ್ಲ, ಬ್ಯಾಕ್ಟೀರಿಯಾಗಳೇ ಮಾಡಬೇಕು. ಎಂಜಲಿನ ಜೊತೆ ನುಂಗಿದ ನೈಟ್ರೈಟ್ ಹೊಟ್ಟೆಯಲ್ಲಿ, ರಕ್ತದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ರಕ್ತನಾಳಗಳನ್ನು ಸಡಿಲಿಸುತ್ತದೆ, ಬಿಪಿ ಇಳಿಯಲು ನೆರವಾಗುತ್ತದೆ. ನೈಟ್ರಿಕ್ ಆಕ್ಸೈಡ್ ಹೀಗೆ ಕೆಲಸ ಮಾಡುತ್ತದೆ ಎಂದು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಸಿಕ್ಕಿದೆ.

ಆ ಬ್ಯಾಕ್ಟೀರಿಯಾಗಳನ್ನೇ ಕೊಂದರೆ? 2013ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ತಂಡ 19 ಮಂದಿ ಆರೋಗ್ಯವಂತರಿಗೆ 7 ದಿನ ಕ್ಲೋರ್‌ಹೆಕ್ಸಿಡಿನ್ ಕೊಟ್ಟು ನೋಡಿತು. ಬಾಯಿಯಲ್ಲಿ ನೈಟ್ರೈಟ್ ತಯಾರಾಗುವುದು ಸುಮಾರು 90% ಇಳಿಯಿತು. ಬಿಪಿ 2ರಿಂದ 3.5 ಅಂಕದಷ್ಟು ಏರಿತು. ಒಬ್ಬ ಆರೋಗ್ಯವಂತನಿಗೆ ವಾರದ ಮಟ್ಟಿಗೆ ಇದು ದೊಡ್ಡದೇನಲ್ಲ. ಆದರೆ ಬಿಪಿಗೆ ಮಾತ್ರೆ ನುಂಗುತ್ತಲೇ ವರ್ಷಗಟ್ಟಲೆ ಕಾರಣವಿಲ್ಲದೆ ಬಳಸುವವರಿಗೆ ಯೋಚಿಸಬೇಕಾದ ವಿಷಯವೇ.

ಶುಗರ್ ಸುದ್ದಿ ಬಂದದ್ದು ಪೋರ್ಟೊರಿಕೊದಿಂದ, 2017ರಲ್ಲಿ. ತೂಕ ಹೆಚ್ಚಿದ್ದವರನ್ನು ಮೂರು ವರ್ಷ ಗಮನಿಸಿದಾಗ, ದಿನಕ್ಕೆರಡು ಸಲವೋ ಅದಕ್ಕಿಂತ ಹೆಚ್ಚೋ ಮೌತ್‌ವಾಶ್ ಬಳಸಿದವರಲ್ಲಿ ಶುಗರ್ ಅಥವಾ ಅದರ ಹಿಂದಿನ ಹಂತ ಸುಮಾರು ಒಂದೂವರೆ ಪಟ್ಟು ಕಂಡಿತು. ದಿನಕ್ಕೊಂದೇ ಸಲ ಬಳಸಿದವರಲ್ಲಿ ಹಾಗೆ ಕಾಣಲಿಲ್ಲ. ಇದು ಗಮನಿಸಿ ಬರೆದುಕೊಂಡ ಅಧ್ಯಯನ, ಪ್ರಯೋಗ ಅಲ್ಲ. ನಂಟು ತೋರಿಸುತ್ತದೆ, ಕಾರಣ ಸಾಬೀತು ಮಾಡುವುದಿಲ್ಲ.

ಆಸ್ಪತ್ರೆಗಳಲ್ಲೂ ಇಂಥದ್ದೇ ಮರುಚಿಂತನೆ ನಡೆದಿದೆ. ವೆಂಟಿಲೇಟರ್‌ನಲ್ಲಿರುವ ರೋಗಿಗಳ ಬಾಯಿಯನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು ಬಹುಕಾಲ ರೂಢಿಯಾಗಿತ್ತು. ಅದರಿಂದ ನ್ಯುಮೋನಿಯಾ ತಪ್ಪುತ್ತದೆ ಎಂಬ ನಂಬಿಕೆ. 2022ರಲ್ಲಿ ಅಮೆರಿಕದ ಸೋಂಕು ತಜ್ಞರ ಸಂಘಗಳು ಹೊರಡಿಸಿದ ಮಾರ್ಗಸೂಚಿ, ಸಾವು ಹೆಚ್ಚಾಗುವ ಸಾಧ್ಯತೆಯ ಕಾರಣಕ್ಕೆ ಇದು ಸಾಮಾನ್ಯವಾಗಿ ಬೇಡ ಎಂದಿತು. ಅದರ ಬದಲು ಹಲ್ಲುಜ್ಜಿಸಿ ಎಂದಿತು. ಐಸಿಯುನಲ್ಲೂ ಬ್ರಶ್ಶಿಗೇ ಮೊದಲ ಜಾಗ ಸಿಕ್ಕಿತು.

ಕಂದು ಕಲೆ, ಕೆಟ್ಟ ರುಚಿ

ಕ್ಲೋರ್‌ಹೆಕ್ಸಿಡಿನ್ ಬಳಸುವವರು ನಿಜವಾಗಿ ಎದುರಿಸುವ ತೊಂದರೆಗಳು ಇವಕ್ಕಿಂತ ಮಾಮೂಲಿ. ಎರಡು ಮೂರು ವಾರಕ್ಕೆ ಹಲ್ಲು, ನಾಲಿಗೆಯ ಮೇಲೆ ಕಂದು ಬಣ್ಣ ಕಾಣತೊಡಗುತ್ತದೆ. ಹಲ್ಲಿಗೆ ಅಂಟಿದ ಔಷಧಿ ಕಾಫಿ, ಟೀ, ರೆಡ್ ವೈನ್‌ಗಳ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಹೆದರಬೇಕಿಲ್ಲ, ಡೆಂಟಿಸ್ಟ್ ಪಾಲಿಶ್ ಮಾಡಿದರೆ ಹೋಗುತ್ತದೆ. ರುಚಿ ಕೆಡುವುದು, ಉಪ್ಪಿನ ರುಚಿ ಮಂದವಾಗುವುದು, ಕಿಟ್ಟ ಬೇಗ ಕಟ್ಟುವುದು ಕೂಡ ಇದೆ. ತೀರಾ ಅಪರೂಪಕ್ಕೆ ಜೋರಾದ ಅಲರ್ಜಿ ಆಗುತ್ತದೆ. ಮೈ ದದ್ದು, ಮುಖ ಊತ, ಉಸಿರಾಟಕ್ಕೆ ಕಷ್ಟ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮುಂದೆ ಯಾವ ವೈದ್ಯರ ಬಳಿ ಹೋದರೂ ಅದನ್ನು ಹೇಳಬೇಕು, ಯಾಕೆಂದರೆ ಆಪರೇಷನ್‌ಗೆ ಮೊದಲು ಚರ್ಮಕ್ಕೆ ಹಚ್ಚುವುದರಲ್ಲೂ ಇದೇ ಔಷಧಿ ಇರುತ್ತದೆ.

ಬಳಸುವ ಕ್ರಮ

ಮೊದಲು ಬಾಟಲಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಏನಿದೆ, ಎಷ್ಟು ಶೇಕಡಾ ಇದೆ, ನೀರು ಬೆರೆಸಬೇಕೋ ಬೇಡವೋ ಅಲ್ಲೇ ಇರುತ್ತದೆ. ಡೆಂಟಿಸ್ಟ್ ಬೇರೆ ಥರ ಹೇಳಿದ್ದರೆ ಅವರ ಮಾತಿನಂತೆ ನಡೆಯಿರಿ. ಕ್ಲೋರ್‌ಹೆಕ್ಸಿಡಿನ್ ಆದರೆ ಮುಚ್ಚಳದಲ್ಲಿ ಅಳೆದು 10 ಮಿ.ಲೀ., ಅರ್ಧದಿಂದ ಒಂದು ನಿಮಿಷ ಮುಕ್ಕಳಿಸಿ ಉಗುಳಬೇಕು. ನುಂಗಬಾರದು. ಉಗುಳಿದ ಮೇಲೆ ಕಹಿ ಅಂತ ನೀರು ಹಾಕಿ ಬಾಯಿ ತೊಳೆದರೆ ಅಂಟಿಕೊಳ್ಳಬೇಕಾದ ಔಷಧಿಯೂ ಹೋಗುತ್ತದೆ. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇರುವುದು ಒಳ್ಳೆಯದು.

ಜಾಸ್ತಿ ಜನ ತಪ್ಪುವುದು ಹೊತ್ತಿನ ವಿಷಯದಲ್ಲಿ. ಹಲ್ಲುಜ್ಜಿದ ಕೂಡಲೇ ಮುಕ್ಕಳಿಸುತ್ತಾರೆ. ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್‌ಗೆ ಋಣ ವಿದ್ಯುದಂಶ. ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾವನ್ನು ಹುಡುಕುವ ಮೊದಲೇ ಈ ನೊರೆಗೆ ಕಚ್ಚಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಕಡಿಮೆಯೆಂದರೂ ಅರ್ಧ ಗಂಟೆ ಅಂತರ ಕೊಡಿ. ಬೇರೆ ಮೌತ್‌ವಾಶ್‌ಗಳಲ್ಲೂ ಇದೇ ಅಭ್ಯಾಸ ಒಳ್ಳೆಯದು, ಯಾಕೆಂದರೆ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಬೇಕು. ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ಅನುಕೂಲ.

ಹಲ್ಲು ಕಿತ್ತ ಮೊದಲ 24 ಗಂಟೆ ಯಾವುದನ್ನೂ ಜೋರಾಗಿ ಮುಕ್ಕಳಿಸಬೇಡಿ, ಉಪ್ಪು ನೀರನ್ನೂ ಸಹ. ಹಲ್ಲಿದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಳಚಿದರೆ ಮೂಳೆ ತೆರೆದುಕೊಂಡು ತಡೆಯಲಾರದ ನೋವು ಬರುತ್ತದೆ. ಆಮೇಲೆ ಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಬಾಯಿಯಲ್ಲಿ ಆಡಿಸಿ ಉಗುಳಬಹುದು. ಸಣ್ಣಪುಟ್ಟ ಗಾಯಕ್ಕೆ, ಗಂಟಲು ಕೆರೆತಕ್ಕೆ ಇದೇ ಎಷ್ಟೋ ಸಲ ಸಾಕಾಗುತ್ತದೆ.

ಎಷ್ಟು ದಿನ? ಕ್ಲೋರ್‌ಹೆಕ್ಸಿಡಿನ್‌ಗೆ ಸಾಮಾನ್ಯವಾಗಿ ಒಂದೆರಡು ವಾರ. ಡೆಂಟಿಸ್ಟ್ ಹೇಳಿದ ದಿನ ಮುಗಿದ ಮೇಲೆ ಬಾಟಲಿಯಲ್ಲಿ ಉಳಿದಿದೆ ಅಂತ ಮುಂದುವರಿಸುವುದು ಬೇಡ. ಪೊವಿಡೋನ್ ಅಯೋಡಿನ್ ಕೂಡ ದಿನಾ ಬಳಸುವಂಥದ್ದಲ್ಲ. ಅದರಲ್ಲಿರುವ ಅಯೋಡಿನ್ ದೇಹಕ್ಕೆ ಸೇರಿ ಥೈರಾಯ್ಡ್ ಕೆಲಸವನ್ನು ಏರುಪೇರು ಮಾಡಬಲ್ಲದು. ಥೈರಾಯ್ಡ್ ತೊಂದರೆ ಇರುವವರು, ಬಸುರಿಯರು, ಎದೆಹಾಲು ಕುಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹೆಸರು ಒಂದೇ ಇದ್ದರೂ ಬಾಟಲಿ ಒಂದೇ ಅಲ್ಲ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ 5% ಅಥವಾ 10% ಇರುತ್ತದೆ, ಗಾರ್ಗಲ್‌ಗೆ ಇರುವುದು 2%. ಸ್ಯಾವ್ಲಾನ್ ದ್ರವದಲ್ಲೂ ಕ್ಲೋರ್‌ಹೆಕ್ಸಿಡಿನ್ ಇದೆ, ಆದರೆ ಜೊತೆಗೆ ಸೆಟ್ರಿಮೈಡ್ ಇದೆ. ಅದಾಗಲಿ ಡೆಟಾಲ್ ಆಗಲಿ ನೀರು ಬೆರೆಸಿಯೂ ಬಾಯಿಗೆ ಹಾಕುವ ವಸ್ತುವಲ್ಲ.

6 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೌತ್‌ವಾಶ್ ಬೇಡ. ಮುಕ್ಕಳಿಸಿ ಉಗುಳುವುದು ಅವರಿಗೆ ಇನ್ನೂ ಸರಿಯಾಗಿ ಬರುವುದಿಲ್ಲ, ನುಂಗಿಬಿಡುತ್ತಾರೆ. ಬಣ್ಣದ, ಸಿಹಿ ವಾಸನೆಯ ಬಾಟಲಿ ಅವರ ಕೈಗೆ ಸಿಗದಂತೆ ಮೇಲಿಡಿ. ಆಲ್ಕೋಹಾಲ್ ಇರುವುದನ್ನು ಮಗು ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಹೋಗಿ, ಬೇಕಾದರೆ 108ಕ್ಕೆ ಕರೆ ಮಾಡಿ.

ಬಾಯಿ ಉರಿದರೆ

ಮೌತ್‌ವಾಶ್ ಹಾಕಿದಾಗ ಸ್ವಲ್ಪ ಚುರುಗುಟ್ಟುವುದು ಸಹಜ. ಬ್ರ್ಯಾಂಡ್ ಬದಲಿಸಿದರೂ ತಡೆಯಲಾಗದಷ್ಟು ಉರಿ, ಸಾರಿನ ಖಾರವೂ ಸಹಿಸಲಾಗುತ್ತಿಲ್ಲ, ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯುತ್ತಿಲ್ಲ ಅಂದರೆ ದೋಷ ಬಾಟಲಿಯದ್ದಾಗಿರಲಿಕ್ಕಿಲ್ಲ. ಅಡಿಕೆ, ಗುಟ್ಕಾ, ಪಾನ್ ಮಸಾಲ ಅಗಿಯುವವರಲ್ಲಿ ಕೆನ್ನೆಯ ಒಳಮೈ ಬಿಳಚಿಕೊಂಡು ಬಿಗಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಹೀಗೇ ಶುರುವಾಗುತ್ತದೆ. ಮುಂದೆ ಅದು ಕ್ಯಾನ್ಸರ್ ಆಗುವ ಸಾಧ್ಯತೆಯಿದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ದಾಟಿದರೂ ಮಾಯದ ಹುಣ್ಣು ಕಂಡರೂ ಅಷ್ಟೇ. ಮೌತ್‌ವಾಶ್ ಹಾಕಿ ಇನ್ನೊಂದು ವಾರ ನೋಡೋಣ ಅನ್ನಬೇಡಿ. ಹತ್ತಿರದ ದಂತ ವೈದ್ಯರಿಗೆ ಅಥವಾ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ, ಕಿದ್ವಾಯಿ ಆಸ್ಪತ್ರೆಯಲ್ಲಿ ಇದರ ತಪಾಸಣೆ ಮಾಡುತ್ತಾರೆ. ಸಂದೇಹ ಇದ್ದರೆ ಆ ಜಾಗದಿಂದ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.